ಸಾಲಕ್ಕೂ ಒಂದು ವಂಶವೃಕ್ಷವಿದೆ

ಕನ್ನಡ ಕಾದಂಬರಿಗೆ ಮನೆತನವೆಂದರೆ ಮೊದಲಿನಿಂದಲೂ ಅಕ್ಕರೆ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಮೂರು ತಲೆಮಾರಿನ ಕಥೆ. ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ ಹೆಸರಿನಲ್ಲೇ ತನ್ನ ವಸ್ತುವನ್ನು ಹೇಳಿಬಿಡುತ್ತದೆ. ಕುವೆಂಪು ಅವರ ಎರಡು ಕಾದಂಬರಿಗಳಲ್ಲಿ ಮಲೆನಾಡಿನ ಗೌಡರ ಮನೆಗಳು, ತ.ರಾ.ಸು. ಅವರ ‘ದುರ್ಗಾಸ್ತಮಾನ’ದಲ್ಲಿ ಚಿತ್ರದುರ್ಗದ ನಾಯಕರ ಮನೆತನ ಓದುಗರಿಗೆ ಸ್ವಂತ ನೆಂಟರಷ್ಟು ಪರಿಚಿತ. ಚನ್ನರಾಯನದುರ್ಗ, ಮಧುಗಿರಿ, ಮಿಡಿಗೇಶಿ, ನಿಡಗಲ್ಲುಗಳ ಸೀಮೆಯಲ್ಲೂ ಚರಿತ್ರೆಯೆಂದರೆ ಜನ ಹೇಳುವುದು ಇದೇ ಬಗೆಯಲ್ಲಿ: ಕೋಟೆ ಕಟ್ಟಿಸಿದ ಪಾಳೆಯಗಾರ ಯಾರು, ಅವನ ಮಗ ಯಾರು, ಮರಾಠರು ಬಂದದ್ದು ಯಾವಾಗ, ಮೈಸೂರಿನವರು ವಶಪಡಿಸಿಕೊಂಡದ್ದು ಯಾವಾಗ. ಅದೇ ಕೋಟೆಗಳ ಬುಡದ ಊರುಗಳಲ್ಲಿ ತಲೆತಲಾಂತರದಿಂದ ಬಾಳಿ ಬಂದ ದಲಿತ ಕುಟುಂಬಗಳಿಗೂ ಅಜ್ಜ, ಮುತ್ತಜ್ಜ, ಗಿರಿಯಜ್ಜರಿದ್ದರು. ಅವರನ್ನು ಐದಾರು ತಲೆಮಾರು ಸಾಲಾಗಿ ಹಿಡಿದು, ದೊಡ್ಡ ಹರಹಿನಲ್ಲಿ ಹೇಳುವ ಐತಿಹಾಸಿಕ ಕಾದಂಬರಿ ಕನ್ನಡಕ್ಕೆ ಬೇಕು. ಹೆಸರನ್ನೇ ಅಳಿಸಿಹಾಕಿದ ದಾಖಲೆಗಳ ಮೇಲೆ ಅಂಥ ಕಾದಂಬರಿ ಕಟ್ಟಬಹುದೆಂದು ಅಮೆರಿಕದ ಕಪ್ಪು ಲೇಖಕರು ಮಾಡಿ ತೋರಿಸಿದ್ದಾರೆ. ನಮ್ಮಲ್ಲಿ ಅದು ಬಾರದೆ ಹೋದರೆ ಅರ್ಧ ಊರಿನ ಇತಿಹಾಸ ಇಲ್ಲದೆಯೇ ನಮ್ಮ ಐತಿಹಾಸಿಕ ಕಾದಂಬರಿ ಮುಂದುವರಿಯುತ್ತದೆ.

ದಲಿತರು ಕನ್ನಡ ಕಾದಂಬರಿಗೆ ಬಂದೇ ಇಲ್ಲ ಎಂದು ಯಾರೂ ಹೇಳಲಾರರು. ಬಂದಾಗ ಅವರ ವಂಶಕ್ಕೆ ಏನಾಗುತ್ತದೆ ಎಂಬುದನ್ನು ಗಮನಿಸಬೇಕು. 1933ರಲ್ಲಿ ಪ್ರಕಟವಾದ ಕಾರಂತರ ‘ಚೋಮನ ದುಡಿ’ಯಲ್ಲಿ ಚೋಮನ ತಲೆಯ ಮೇಲೆ ಧಣಿಯ ಸಾಲವಿದೆ. ಅದನ್ನು ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬ ಜ್ವರದಿಂದ ಸಾಯುತ್ತಾನೆ, ಇನ್ನೊಬ್ಬ ಗುರುವ ಕ್ರೈಸ್ತ ಹುಡುಗಿಯನ್ನು ಮದುವೆಯಾಗಿ ಅಲ್ಲೇ ಉಳಿಯುತ್ತಾನೆ, ಎಳೆಯ ಹುಡುಗ ಹೊಳೆಯಲ್ಲಿ ಮುಳುಗುವಾಗ ದಡದಲ್ಲಿದ್ದವರು ಮುಟ್ಟಲು ಹೆದರಿ ನಿಲ್ಲುತ್ತಾರೆ. ಕೊನೆಗೆ ಚೋಮನೂ ಸಾಯುತ್ತಾನೆ. ಕನ್ನಡದ ಅತ್ಯಂತ ಶಕ್ತ ಕಾದಂಬರಿಗಳಲ್ಲಿ ಒಂದು ಅದು. ಅದರ ಕರುಣೆಯನ್ನು ಪ್ರಶ್ನಿಸುವಂತಿಲ್ಲ. ಆದರೆ ಗುರುವ ಬದುಕಿದ್ದಾನೆ. ಅವನಿಗೆ ಮಕ್ಕಳಾಗಿರಬೇಕು, ಆ ಮಕ್ಕಳು ಶಾಲೆಗೆ ಹೋಗಿರಬಹುದು. ಆ ಕಡೆಗೆ ಕಥೆ ತಿರುಗುವುದಿಲ್ಲ. 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಜೀತದಾಳು ಗುತ್ತಿ ತನ್ನ ತಿಮ್ಮಿಯನ್ನು ಕರೆದುಕೊಂಡು ಕಾಡಿನ ಹಾದಿ ಹಿಡಿಯುತ್ತಾನೆ. ಆ ಜೋಡಿಯ ಜೀವಂತಿಕೆಗೆ ಸಾಟಿಯಿಲ್ಲ. ಆದರೂ ಗುತ್ತಿ, ತಿಮ್ಮಿಯರ ಮೊಮ್ಮಕ್ಕಳು ಎಲ್ಲಿ ಬೆಳೆದರು ಎಂದು ಕೇಳುವ ಎರಡನೆಯ ಕಾದಂಬರಿ ಬರಲಿಲ್ಲ. ಹೊಲವಿದ್ದವರ ಮನೆ ಪುಟದಿಂದ ಪುಟಕ್ಕೆ ಮುಂದುವರಿಯುತ್ತದೆ; ಆ ಹೊಲದಲ್ಲಿ ಗೇಯ್ದವರ ಮನೆ ಒಂದೇ ತಲೆಮಾರಿಗೆ ನಿಂತುಹೋಗುತ್ತದೆ.

ಇದಕ್ಕೆ ಲೇಖಕರ ದೃಷ್ಟಿದೋಷ ಮಾತ್ರ ಕಾರಣವಲ್ಲ. ಮನೆತನದ ಕಾದಂಬರಿ ಎಂಬ ಪ್ರಕಾರವೇ ಆಸ್ತಿಯನ್ನು ಬೆನ್ನೆಲುಬಾಗಿ ಮಾಡಿಕೊಂಡಿದೆ. ಅಜ್ಜ ಗಳಿಸಿದ, ಅಪ್ಪ ಕಳೆದ, ಮೊಮ್ಮಗ ಮತ್ತೆ ಕೂಡಿಸಿದ ಎಂಬ ಓಟಕ್ಕೆ ಗದ್ದೆಯೋ ತೋಟವೋ ಮನೆಯೋ ಬೇಕು. ಕೈಯಲ್ಲಿ ಏನೂ ಇಲ್ಲದವರಿಗೆ ಪಿತ್ರಾರ್ಜಿತ ಎಲ್ಲಿಂದ ಬರಬೇಕು, ಅವರಿಗೆ ಇಂಥ ಕಾದಂಬರಿ ಹೇಗೆ ಒಗ್ಗೀತು ಎಂದು ನಾವು ತಿಳಿದುಕೊಂಡಿದ್ದೇವೆ. ಅದು ತಪ್ಪು. 1976ರ ಜೀತ ಪದ್ಧತಿ ನಿರ್ಮೂಲನ ಕಾಯ್ದೆಯನ್ನು ತೆರೆದು ನೋಡಿ. ಮುಂಗಡ ಪಡೆದು ಜೀತಕ್ಕೆ ಬಿದ್ದವನ ಜೊತೆಗೆ, ಹಿರಿಯರಿಂದ ಉತ್ತರಾಧಿಕಾರವಾಗಿ ಬಂದ ಹೊಣೆಗಾಗಿ ದುಡಿಯುವವನನ್ನೂ, ಒಂದು ಜಾತಿಯಲ್ಲಿ ಹುಟ್ಟಿದ ಕಾರಣಕ್ಕೇ ದುಡಿಯಬೇಕಾದವನನ್ನೂ ಅದು ಜೀತದಾಳು ಎಂದು ಗುರುತಿಸುತ್ತದೆ. ಅಂದರೆ ಜಮೀನಿನಂತೆ ಸಾಲವೂ ಅಪ್ಪನಿಂದ ಮಗನಿಗೆ ಬರುತ್ತದೆ ಎಂಬುದನ್ನು ದೇಶದ ಕಾನೂನೇ ಬರೆದಿಟ್ಟಿದೆ. ವರ್ಷಕ್ಕಿಷ್ಟು ರಾಗಿ, ಒಂದು ಜೊತೆ ಬಟ್ಟೆ, ಒಂದು ಜೊತೆ ಎಕ್ಕಡ ಎಂಬ ಕರಾರಿನ ಮೇಲೆ ಅಪ್ಪ ನಿಂತ ಕೊಟ್ಟಿಗೆಗೆ ಮಗ ಹೋಗಿ ನಿಲ್ಲುವುದಕ್ಕಿಂತ ಗಟ್ಟಿಯಾದ ವಂಶಪಾರಂಪರ್ಯ ಯಾವುದಿದೆ? ತೋಟಿ, ತಳವಾರ, ನೀರಗಂಟಿ ಚಾಕರಿಗಳೂ ಹಾಗೆಯೇ ಬಂದವು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಶಾನುಭೋಗ, ಪಟೇಲರ ಜೊತೆಗೆ ಈ ವಂಶಪಾರಂಪರ್ಯ ಚಾಕರಿಗಳನ್ನೂ ಕೊನೆಗಾಣಿಸಿತು. ಶಾನುಭೋಗರ ಮನೆಯ ಅವನತಿ ಕಾದಂಬರಿಗೆ ವಸ್ತುವಾಗುವುದಾದರೆ, ಅದೇ ಕಾಯ್ದೆಯಿಂದ ತೋಟಿಯ ಮನೆಯಲ್ಲಿ ಏನು ಬದಲಾಯಿತು ಎಂಬುದೂ ಅಷ್ಟೇ ಯೋಗ್ಯ ವಸ್ತು.

ಅಮೆರಿಕದ ಉದಾಹರಣೆ ಇಲ್ಲಿ ದಾರಿ ತೋರುತ್ತದೆ. ಅಲ್ಲಿನ 1850 ಮತ್ತು 1860ರ ಜನಗಣತಿಗಳಲ್ಲಿ ಗುಲಾಮರಿಗೆ ಬೇರೆಯೇ ಪಟ್ಟಿಯಿತ್ತು. ಅದರಲ್ಲಿ ಒಡೆಯನ ಹೆಸರಿದೆ. ಅವನ ಕೆಳಗೆ ಗುಲಾಮರ ವಯಸ್ಸು, ಲಿಂಗ, ಮೈಬಣ್ಣ ಮಾತ್ರ ಇವೆ. ಅವರಲ್ಲಿ ಬಹುಪಾಲು ಜನರ ಹೆಸರು ಮೊದಲ ಬಾರಿಗೆ ಗಣತಿಗೆ ಏರಿದ್ದು ಅಂತರ್ಯುದ್ಧ ಮುಗಿದ ಮೇಲೆ, 1870ರಲ್ಲಿ. ತಮ್ಮ ಹಿರಿಯರನ್ನು ಹುಡುಕಿಕೊಂಡು ಹೊರಟವರು ಇಂದಿಗೂ ಆ ವರ್ಷಕ್ಕೆ ಬಂದು ತಡವರಿಸುತ್ತಾರೆ. ಆ ತಡೆಯ ಆಚೆಗೆ ದಾಟಲು ಅಲ್ಲಿನ ಲೇಖಕರು ಕಾದಂಬರಿಯನ್ನು ಆರಿಸಿಕೊಂಡರು. ಮಾರ್ಗರೆಟ್ ವಾಕರ್ ಅಜ್ಜಿಯ ಬಾಯಲ್ಲಿ ಕೇಳಿದ ಮುತ್ತಜ್ಜಿಯ ಬದುಕನ್ನು ದಶಕಗಳ ಕಾಲ ಗ್ರಂಥಾಲಯ, ದಾಖಲೆಗಳಲ್ಲಿ ತಾಳೆ ನೋಡಿ 1966ರಲ್ಲಿ ‘ಜೂಬಿಲಿ’ ಕಾದಂಬರಿಯಾಗಿ ಹೊರತಂದರು. 1976ರಲ್ಲಿ ಅಲೆಕ್ಸ್ ಹೇಲಿಯ ‘ರೂಟ್ಸ್’ ಬಂತು. ಮರುವರ್ಷ ಜನವರಿಯಲ್ಲಿ ಅದರ ದೂರದರ್ಶನ ರೂಪವನ್ನು ಸತತ ಎಂಟು ರಾತ್ರಿ ಕೋಟ್ಯಂತರ ಜನ ನೋಡಿದರು. 2016ರಲ್ಲಿ ಘಾನಾ ಮೂಲದ ಯಾ ಜಾಸಿ ಬರೆದ ‘ಹೋಮ್‌ಗೋಯಿಂಗ್’ ಇಬ್ಬರು ಮಲಅಕ್ಕತಂಗಿಯರಿಂದ ಶುರುವಾಗುತ್ತದೆ. ಒಬ್ಬಳು ಕೇಪ್ ಕೋಸ್ಟ್ ಕೋಟೆಯ ಬ್ರಿಟಿಷ್ ಅಧಿಕಾರಿಯ ಹೆಂಡತಿಯಾಗಿ ಮೇಲಿನ ಅಂತಸ್ತಿನಲ್ಲಿದ್ದಾಳೆ. ಇನ್ನೊಬ್ಬಳು ಹಡಗು ಕಾಯುತ್ತ ಅದೇ ಕೋಟೆಯ ನೆಲಮಾಳಿಗೆಯಲ್ಲಿ ಬಂದಿಯಾಗಿದ್ದಾಳೆ. ಅಲ್ಲಿಂದ ಎರಡೂ ಕವಲುಗಳು ಅಧ್ಯಾಯಕ್ಕೊಂದು ತಲೆಮಾರಿನಂತೆ ಇಂದಿನವರೆಗೆ ಇಳಿದು ಬರುತ್ತವೆ.

ಈ ಕೃತಿಗಳಿಂದ ಆದ ಮುಖ್ಯ ಕೆಲಸವೆಂದರೆ ಅನುಕ್ರಮವನ್ನು ಕಾಣಿಸಿದ್ದು. ಗುಲಾಮಗಿರಿ 1865ರಲ್ಲಿ ಮುಗಿಯಿತು ಎಂದು ಪಠ್ಯಪುಸ್ತಕ ಹೇಳಿ ಮುಂದಕ್ಕೆ ಹೋಗುತ್ತದೆ. ಜಾಸಿಯ ಕಾದಂಬರಿಯಲ್ಲಿ ಬಿಡುಗಡೆಯಾದವನೇ ಸುಳ್ಳು ಮೊಕದ್ದಮೆಯಲ್ಲಿ ಸಿಕ್ಕಿ ಕೈದಿಯಾಗಿ ಕಲ್ಲಿದ್ದಲ ಗಣಿಗೆ ಬೀಳುತ್ತಾನೆ. ಒಂದು ತಲೆಮಾರನ್ನು ಮಾತ್ರ ನೋಡಿದವರಿಗೆ ಅವನು ಕೈದಿಯಾಗಿ ಕಾಣುತ್ತಾನೆ. ಮೂರು ತಲೆಮಾರು ನೋಡಿದವರಿಗೆ ಅಜ್ಜನ ಸರಪಳಿಯೇ ಹೊಸ ಕಾನೂನಿನ ರೂಪದಲ್ಲಿ ಬಂದದ್ದು ತಿಳಿಯುತ್ತದೆ. ನಮ್ಮ ಕಡೆಯ ಹಳ್ಳಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋದ ಹುಡುಗನನ್ನು ನಾವು ವಲಸಿಗ ಎಂದು ಕರೆದು ಸುಮ್ಮನಾಗುತ್ತೇವೆ. ಅವನ ಅಪ್ಪ ಯಾವ ಸಾಲಕ್ಕೆ ಯಾರ ಮನೆಯಲ್ಲಿದ್ದ, ಅಜ್ಜನಿಗೆ ಮಂಜೂರಾದ ಎರಡು ಎಕರೆ ಯಾರ ಪಾಲಾಯಿತು ಎಂದು ತಿಳಿದಾಗ ಅವನ ಬಸ್ಸಿನ ಪಯಣಕ್ಕೆ ಬೇರೆಯೇ ಅರ್ಥ ಬರುತ್ತದೆ. ಆ ಅರ್ಥವನ್ನು ಅಂಕಿಅಂಶ ಕೊಡಲಾರದು, ವರದಿಯೂ ಕೊಡಲಾರದು. ಅಜ್ಜನನ್ನು ಇಪ್ಪತ್ತು ವರ್ಷದ ಹುಡುಗನಾಗಿ ಕಂಡು, ಅವನ ಆಸೆಯನ್ನು ಅರಿತು, ಆಮೇಲೆ ಮೊಮ್ಮಗನನ್ನು ಕಂಡ ಓದುಗನಿಗೆ ಮಾತ್ರ ಅದು ದಕ್ಕುತ್ತದೆ.

ಬರೆಯಲು ದಾಖಲೆ ಎಲ್ಲಿದೆ ಎಂಬ ಪ್ರಶ್ನೆ ಏಳುವುದು ಸಹಜ. ಮಧುಗಿರಿ ಉಪವಿಭಾಗಕ್ಕೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಕಚೇರಿಗಳಲ್ಲೇ ಅದಿದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿನ ಪರಭಾರೆ ನಿಷೇಧಿಸುವ 1978ರ ಕಾಯ್ದೆಯನ್ನು ಜನ ಪಿಟಿಸಿಎಲ್ ಎಂದು ಕರೆಯುತ್ತಾರೆ. ಅದರಡಿ ಉಪವಿಭಾಗಾಧಿಕಾರಿ ಮುಂದೆ ಬರುವ ಒಂದು ಕಡತದಲ್ಲಿ ಏನೇನಿರುತ್ತದೆ ನೋಡಿ. ತಳದಲ್ಲಿ ಮಂಜೂರಾತಿ ಆದೇಶ ಮತ್ತು ಸಾಗುವಳಿ ಚೀಟಿ: ಸರ್ವೆ ನಂಬರು, ಎಕರೆ, ಗುಂಟೆ, ಇಷ್ಟು ವರ್ಷ ಮಾರತಕ್ಕದ್ದಲ್ಲ ಎಂಬ ಷರತ್ತು. ಅದರ ಮೇಲೆ ಕ್ರಯಪತ್ರ: ಮನೆಯ ಖರ್ಚಿಗೋ ಕೈಸಾಲ ತೀರಿಸಲಿಕ್ಕೋ ಮಾರಿದ್ದೇನೆ ಎಂಬ ಒಕ್ಕಣೆ, ಕೆಳಗೆ ಎಡಗೈ ಹೆಬ್ಬೆಟ್ಟಿನ ಗುರುತು. ಆಮೇಲೆ ಮ್ಯುಟೇಶನ್, ಹೆಸರು ಬದಲಾದ ಪಹಣಿಗಳು. ಎಲ್ಲಕ್ಕೂ ಮೇಲೆ ಮೊಮ್ಮಕ್ಕಳ ಅರ್ಜಿ ಮತ್ತು ಅದಕ್ಕೆ ಲಗತ್ತಿಸಿದ ವಂಶವೃಕ್ಷ: ಅಜ್ಜನಿಂದ ಹಿಡಿದು ಈಗಿನ ಅರ್ಜಿದಾರರವರೆಗೆ ಗೆರೆ ಎಳೆದು ಬರೆದ ಹೆಸರುಗಳು, ಹೆಸರಿನ ಪಕ್ಕದಲ್ಲಿ ಮರಣ ಎಂಬ ಟಿಪ್ಪಣಿ, ಪಂಚರ ಸಹಿ. ಅರ್ಜಿ ಬಹಳ ತಡವಾಯಿತೆಂದು ತಿರಸ್ಕರಿಸಲು 2017ರ ಸುಪ್ರೀಂ ಕೋರ್ಟ್ ತೀರ್ಪು ದಾರಿ ಮಾಡಿತು. ಕಾಲಮಿತಿಯ ತೊಡಕನ್ನು ತೆಗೆಯಲೆಂದು 2023ರಲ್ಲಿ ರಾಜ್ಯ ಸರ್ಕಾರ ತಿದ್ದುಪಡಿ ತಂದಿತು. ಒಂದೇ ದಾರಕ್ಕೆ ಪೋಣಿಸಿದ ಇಂಥ ಕಡತದಲ್ಲಿ ಮೂರು ತಲೆಮಾರಿನ ಆಸೆ, ಇಕ್ಕಟ್ಟು, ಮೋಸ, ಹಟ ಎಲ್ಲವೂ ಇವೆ. ಯಾವ ಕಾದಂಬರಿಕಾರನಿಗೂ ಇದಕ್ಕಿಂತ ಗಟ್ಟಿಯಾದ ಹಂದರ ಸಿಗಲಾರದು.

ಕಾಗದಕ್ಕಿಂತ ಹಳೆಯದಾದ ನೆನಪೂ ನಮ್ಮಲ್ಲಿದೆ. ಎತ್ತಿನ ಮೇಲೆ, ಗಾಡಿಯಲ್ಲಿ ಊರೂರು ತಿರುಗುವ ಹೆಳವರು ಒಕ್ಕಲು ಮನೆತನಗಳ ಕುಲ, ಗೋತ್ರ, ಪೀಳಿಗೆಗಳನ್ನು ಒಪ್ಪಿಸುತ್ತಾರೆ, ಬರೆದೂ ಇಡುತ್ತಾರೆ. ಹಾಗೆಯೇ ಮಾದಿಗರನ್ನು ಆಶ್ರಯಿಸಿ ಬದುಕಿದ ದಕ್ಕಲರು ಜಾಂಬವ ಪುರಾಣವನ್ನೂ ಆ ಕುಲದ ಕಥೆಗಳನ್ನೂ ಹೇಳಿಕೊಂಡು ಬಂದಿದ್ದಾರೆ. ಅಸ್ಪೃಶ್ಯರಿಗೂ ಅಸ್ಪೃಶ್ಯರಾಗಿ ಕೇರಿಯ ಹೊರಗೇ ಉಳಿದ ಈ ಜನರ ನಾಲಗೆಯಲ್ಲಿ ಕೇರಿಯ ಚರಿತ್ರೆ ಉಳಿದಿದೆ. ತುಮಕೂರಿನ ಕವಿ, 2019ರಲ್ಲಿ ತೀರಿಕೊಂಡ ಕೆ.ಬಿ. ಸಿದ್ದಯ್ಯನವರು ಈ ಲೋಕವನ್ನು ‘ದಕ್ಲಕಥಾದೇವಿ ಕಾವ್ಯ’ದಲ್ಲಿ ಕನ್ನಡದ ಮಹತ್ವದ ಕಾವ್ಯವಾಗಿಸಿದರು. ಪಶ್ಚಿಮ ಆಫ್ರಿಕಾದಲ್ಲಿ ಪೀಳಿಗೆಗಳ ಕಥೆ ಹಾಡುವ ಗ್ರಿಯೋಗಳನ್ನು ಹುಡುಕಿಕೊಂಡು ಹೇಲಿ ಸಾಗರ ದಾಟಿ ಗ್ಯಾಂಬಿಯಾಕ್ಕೆ ಹೋಗಬೇಕಾಯಿತು. ನಮಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಕಾವ್ಯ ಈಗಾಗಲೇ ಹೋಗಿ ಬಂದ ಜಾಗಕ್ಕೆ ಕಾದಂಬರಿಯೂ ಹೋಗಬೇಕಾಗಿದೆ.

ಈ ಕಡತ ಮತ್ತು ಈ ನೆನಪು ಕೂಡಿದರೆ ಎಂಥ ಕಾಲವಿಸ್ತಾರ ತೆರೆದುಕೊಳ್ಳುತ್ತದೆ ಎಂದು ಯೋಚಿಸಿ. ಮೈಸೂರು ಸಂಸ್ಥಾನದಲ್ಲಿ ಸುಮಾರು ಹತ್ತು ಲಕ್ಷ ಜನರನ್ನು ನುಂಗಿತೆಂದು ಅಂದಾಜಿರುವ 1876–78ರ ಧಾತು ಈಶ್ವರ ಬರದಿಂದ ಕಥೆ ಶುರುವಾಗಬಹುದು. ಬದುಕುಳಿದವರ ಮಗ ತೋಟಿ ಚಾಕರಿಗೆ ನಿಲ್ಲುತ್ತಾನೆ. ಅವನ ಮಗನ ಕಾಲಕ್ಕೆ ಹುದ್ದೆ ರದ್ದಾಗುತ್ತದೆ, ಜಮೀನು ಮಂಜೂರಾಗುತ್ತದೆ, ಕೈತಪ್ಪುತ್ತದೆ. ಮೊಮ್ಮಗನನ್ನು ಯಾರೋ ಸಿದ್ಧಗಂಗಾ ಮಠಕ್ಕೆ ಕರೆದುಕೊಂಡು ಹೋಗಿ ಬಿಡುತ್ತಾರೆ. ಎಲ್ಲ ಜಾತಿಯ ಮಕ್ಕಳ ಜೊತೆ ಸಾಲಾಗಿ ಕೂತು ಊಟ ಮಾಡಿದ ಆ ಹುಡುಗನೇ ಮನೆತನದ ಮೊದಲ ಅಕ್ಷರಸ್ಥ. ಕನ್ನಡ ಸಾಹಿತ್ಯ ಬೂಸಾ ಎಂಬ ಮಾತಿನಿಂದ ಎದ್ದ 1973ರ ಬೂಸಾ ಚಳವಳಿ, ಆ ಬಳಿಕ ಹುಟ್ಟಿದ ದಲಿತ ಸಂಘರ್ಷ ಸಮಿತಿ ಅವನ ಯೌವನಕ್ಕೆ ಎದುರಾಗುತ್ತವೆ. ಕೊನೆಯ ಅಧ್ಯಾಯ ಪಾವಗಡದ ನಾಗಲಮಡಿಕೆ ಹೋಬಳಿಯಲ್ಲಿ ನಡೆಯಬಹುದು. ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಎದ್ದಿದೆ. ಜಮೀನು ಕೊಟ್ಟವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಗುತ್ತಿಗೆ ಹಣ ಎರಡು ವರ್ಷಕ್ಕೊಮ್ಮೆ ಏರುತ್ತ ಬರುತ್ತಿದೆ. ಬರದ ಸೀಮೆಯ ರೈತನಿಗೆ ಅದು ದೊಡ್ಡ ಆಸರೆ, ಸರಿಯೇ. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಅಲ್ಲೇ ಕುರಿ ಮೇಯಿಸುತ್ತಿದ್ದ ಭೂರಹಿತನಿಗೆ ಗುತ್ತಿಗೆ ಬರುವುದಿಲ್ಲ, ಕೂಲಿಯೂ ಹೋಯಿತು. ಅಜ್ಜನ ಕಾಲದಲ್ಲಿ ಜಮೀನು ಉಳಿದಿದ್ದರೆ ಈ ಹಣ ಈ ಮನೆಗೂ ಬರುತ್ತಿತ್ತು ಎಂಬ ಲೆಕ್ಕವನ್ನು ಐದು ತಲೆಮಾರಿನ ಕಾದಂಬರಿ ಮಾತ್ರ ಓದುಗನ ಮುಂದೆ ಇಡಬಲ್ಲದು.

ಈ ವಾದಕ್ಕೆ ಎದುರಾಗುವ ಮೊದಲ ಆಕ್ಷೇಪ ಸತ್ಯದ್ದು. ದಾಖಲೆ ಹರಿದಲ್ಲಿ ಕಲ್ಪನೆ ತುಂಬಿದರೆ ಅದು ಇತಿಹಾಸವೆನಿಸೀತೆ? ಹೇಲಿಯ ವಿಷಯದಲ್ಲಿ ಈ ಪ್ರಶ್ನೆ ಬಲವಾಗಿಯೇ ಎದ್ದಿತು. ಹೆರಾಲ್ಡ್ ಕೊರ್ಲಾಂಡರ್ ಅವರ ‘ದಿ ಆಫ್ರಿಕನ್’ ಕಾದಂಬರಿಯ ಭಾಗಗಳು ‘ರೂಟ್ಸ್’ನಲ್ಲಿ ಸೇರಿವೆ ಎಂಬ ಮೊಕದ್ದಮೆಯನ್ನು 1978ರಲ್ಲಿ ಹಣ ಕೊಟ್ಟು ಇತ್ಯರ್ಥ ಮಾಡಿಕೊಳ್ಳಬೇಕಾಯಿತು. ಹೇಲಿ ಹೇಳಿದ ವಂಶಾವಳಿಯ ಆರಂಭದ ಕೊಂಡಿಗಳು ದಾಖಲೆಗೆ ನಿಲ್ಲುವುದಿಲ್ಲ ಎಂದು ವಂಶಾವಳಿ ತಜ್ಞರು ತೋರಿಸಿದರು. ಇದರಿಂದ ಕಲಿಯಬೇಕಾದ ಪಾಠ ಸ್ಪಷ್ಟವಾಗಿದೆ: ಕಲ್ಪನೆಯನ್ನು ದಾಖಲೆಯೆಂದು ಮಾರಬಾರದು. ಕಾದಂಬರಿಯನ್ನು ಕಾದಂಬರಿ ಎಂದೇ ಕೊಟ್ಟ ಲೇಖಕರಿಗೆ ಈ ಗಂಡಾಂತರ ಬರಲಿಲ್ಲ. 1856ರಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡು, ಮತ್ತೆ ಸಿಕ್ಕಿಬೀಳುವಾಗ ಮಗಳನ್ನೇ ಕೊಂದ ಮಾರ್ಗರೆಟ್ ಗಾರ್ನರ್ ಎಂಬ ತಾಯಿಯ ಸುದ್ದಿಯನ್ನು ಎಳೆಯಾಗಿ ಹಿಡಿದು ಟೋನಿ ಮಾರಿಸನ್ 1987ರಲ್ಲಿ ‘ಬಿಲವ್ಡ್’ ಬರೆದರು. ಉಳಿದುದೆಲ್ಲ ತಮ್ಮ ಸೃಷ್ಟಿ ಎಂಬುದನ್ನು ಅವರು ಮುಚ್ಚಿಡಲಿಲ್ಲ. ಪಾಳೆಯಗಾರರ ಬಗ್ಗೆ ಬರೆದ ನಮ್ಮ ಕಾದಂಬರಿಕಾರರೂ ಅಂತಃಪುರದ ಮಾತುಕತೆಗಳನ್ನು ಶಾಸನದಿಂದ ಎತ್ತಿಕೊಳ್ಳಲಿಲ್ಲ. ಅರಸರ ಮನೆಗೆ ಕೊಟ್ಟ ಕಲ್ಪನೆಯ ಸ್ವಾತಂತ್ರ್ಯವನ್ನು ತೋಟಿಯ ಮನೆಗೆ ನಿರಾಕರಿಸಲು ಕಾರಣವಿಲ್ಲ.

ಆತ್ಮಕಥೆಗಳು ಈ ಕೆಲಸ ಮಾಡಿಲ್ಲವೇ ಎಂಬುದು ಎರಡನೆಯ ಆಕ್ಷೇಪ. ಸಿದ್ದಲಿಂಗಯ್ಯನವರ ‘ಊರುಕೇರಿ’, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಕನ್ನಡ ಗದ್ಯದ ಹೆಮ್ಮೆಗಳು. ಆದರೆ ಆತ್ಮಕಥೆಯ ಕಣ್ಣು ಬರೆದವರ ನೆನಪಿನಷ್ಟೇ ದೂರ ಹೋಗಬಲ್ಲದು. ಅಜ್ಜಿಯ ಆಚೆಗೆ ಅದಕ್ಕೆ ಮಬ್ಬು. ಅದಲ್ಲದೆ ಆತ್ಮಕಥೆ ಬರೆಯಲು ಓದು ಬರಹ ಬಲ್ಲ ಒಬ್ಬ ಮನೆಯಲ್ಲಿ ಹುಟ್ಟಬೇಕು. ಅಂಥವನೊಬ್ಬ ಹುಟ್ಟದ ಮನೆಗಳ ಕಥೆ ಯಾರು ಹೇಳಬೇಕು? ದೇವನೂರ ಮಹಾದೇವರ ‘ಕುಸುಮಬಾಲೆ’ ಇದೆಯಲ್ಲ ಎಂದು ತಿಳಿದವರು ಕೇಳುತ್ತಾರೆ. ನಿಜ. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಆ ಕೃತಿಯಲ್ಲಿ ಕುಸುಮ, ಚೆನ್ನರ ಪ್ರೇಮ ಮತ್ತು ಚೆನ್ನನ ಕೊಲೆಯ ಹಿಂದೆ ತಲೆಮಾರುಗಳ ನೆರಳಿದೆ. ಕನ್ನಡದಲ್ಲಿ ಇದು ಸಾಧ್ಯ ಎಂಬುದಕ್ಕೆ ಅದಕ್ಕಿಂತ ದೊಡ್ಡ ಪುರಾವೆ ಬೇಡ. ಆದರೆ ಅದು ಕಾವ್ಯದಷ್ಟು ಸಾಂದ್ರವಾದ ಚಿಕ್ಕ ಕೃತಿ. ನಂಜನಗೂಡಿನ ಕಡೆಯ ನುಡಿಯಲ್ಲಿ ಅದು ಮಾಡಿದ್ದನ್ನು ಬಯಲುಸೀಮೆಯ ನುಡಿಯಲ್ಲಿ, ಬರ, ಕಾನೂನು, ಕಚೇರಿ, ಹಾಸ್ಟೆಲ್ಲುಗಳನ್ನೆಲ್ಲ ಒಳಗೊಂಡು ವಿಸ್ತಾರವಾಗಿ ಮಾಡುವ ಜಾಗ ಇನ್ನೂ ಖಾಲಿಯಿದೆ. ಮೇರು ಕೃತಿಯೊಂದು ಬಂದಿತೆಂದು ಆ ದಾರಿ ಮುಚ್ಚಿತೆನ್ನುವುದು ಸಾಹಿತ್ಯದ ರೀತಿಯಲ್ಲ.

ಅಮೆರಿಕದ ಬಣ್ಣದ ಪ್ರಶ್ನೆಯನ್ನು ನಮ್ಮ ಜಾತಿಗೆ ತಂದು ಹೊಂದಿಸುವುದು ಎರವಲು ಚಿಂತನೆ ಎಂಬ ಮಾತೂ ಇದೆ. ಆದರೆ ಈ ಎರಡರ ಸಂಬಂಧ ಇಂದಿನದಲ್ಲ. 1946ರಲ್ಲಿ ಡಾ. ಅಂಬೇಡ್ಕರ್ ಅವರು ಅಮೆರಿಕದ ಕಪ್ಪು ಚಿಂತಕ ಡು ಬೋಯಿಸ್ ಅವರಿಗೆ ಪತ್ರ ಬರೆದು, ಕಪ್ಪು ಜನರು ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಕೇಳಿದ್ದರು. ಕರ್ನಾಟಕದಲ್ಲೇ ಆಫ್ರಿಕಾ ಮೂಲದ ಕುಟುಂಬಗಳಿವೆ. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವಾಕ್ಕೆ ಬಂದವರ ಪೀಳಿಗೆಯವರಾದ ಸಿದ್ದಿಗಳು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾಗಳ ಕಾಡಂಚಿನಲ್ಲಿ ನೆಲೆಸಿದ್ದಾರೆ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಬಂತು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತು ಪ್ರವೇಶಿಸಿದರು. ಗೋವಾದ ಬಂದರಿನಿಂದ ವಿಧಾನಸೌಧದವರೆಗಿನ ಆ ಹಾದಿಯೂ ಕನ್ನಡದಲ್ಲಿ ಮನೆಮಾತಾದ ಕಾದಂಬರಿಯಾಗಿಲ್ಲ. ವ್ಯತ್ಯಾಸಗಳಿವೆ, ಅವನ್ನು ಮರೆಯಬಾರದು. ಅಲ್ಲಿನವರನ್ನು ನೆಲದಿಂದ ಕಿತ್ತು ಒಯ್ದರು. ಇಲ್ಲಿನವರನ್ನು ನೆಲಕ್ಕೇ ಕಟ್ಟಿಹಾಕಿದರು. ಅಲ್ಲಿ ಹುಡುಕಾಟ ಯಾವ ಊರಿನಿಂದ ಬಂದೆವು ಎಂಬುದು. ಇಲ್ಲಿ ಊರು ಗೊತ್ತು, ಕೇರಿ ಗೊತ್ತು. ಅದೇ ಊರಿನಲ್ಲಿದ್ದೂ ಊರಿನ ಚರಿತ್ರೆಯಲ್ಲಿ ಏಕಿಲ್ಲ ಎಂಬುದು ಹುಡುಕಾಟ. ಆದ್ದರಿಂದ ನಮ್ಮ ಕಾದಂಬರಿ ‘ರೂಟ್ಸ್’ನ ನಕಲಾಗಲು ಸಾಧ್ಯವೇ ಇಲ್ಲ. ಅವರಿಂದ ತೆಗೆದುಕೊಳ್ಳಬೇಕಾದದ್ದು ಹೆಸರಿಲ್ಲದ ಪಟ್ಟಿಯ ಎದುರು ಕೂತು ಬರೆಯುವ ಧೈರ್ಯವನ್ನು.

ತಲೆತಲಾಂತರದ ನೋವನ್ನೇ ಓದಬೇಕೇ ಎಂದು ಬೇಸರಿಸುವವರಿಗೂ ಉತ್ತರವಿದೆ. ಸಾಲದ ಜೊತೆಗೆ ಇನ್ನೂ ಬಹಳಷ್ಟು ಕೈಯಿಂದ ಕೈಗೆ ಬಂದಿದೆ: ತಮಟೆಯ ಗತ್ತು, ತೊಗಲು ಹದ ಮಾಡುವ ಕಸುಬು, ಕೆರೆಯ ತೂಬಿನ ನೀರನ್ನು ಗದ್ದೆಗದ್ದೆಗೆ ಹಂಚುವ ನೀರಗಂಟಿಯ ನ್ಯಾಯಪ್ರಜ್ಞೆ, ಹೆರಿಗೆ ಮಾಡಿಸುವ ಸೂಲಗಿತ್ತಿಯರ ತಿಳಿವಳಿಕೆ, ತತ್ವಪದಗಳು, ಜಗಳ, ನಗು, ಒಲವು. ಒಂದೇ ತಲೆಮಾರಿನ ಕಾದಂಬರಿಯಲ್ಲಿ ದಲಿತ ಪಾತ್ರ ಹೆಚ್ಚಾಗಿ ಬಲಿಪಶುವಾಗಿ ಉಳಿದುಬಿಡುತ್ತದೆ, ಏಕೆಂದರೆ ಅನ್ಯಾಯ ನಡೆಯುವ ಗಳಿಗೆಯಲ್ಲೇ ಕಥೆ ಮುಗಿಯುತ್ತದೆ. ತಲೆಮಾರುಗಳ ಕಥೆ ಆ ಗಳಿಗೆಯನ್ನು ದಾಟಿ ಮುಂದಕ್ಕೆ ಹೋಗಲೇಬೇಕು. ಹೋದಾಗ ಆ ಕುಟುಂಬ ಸೋತದ್ದಷ್ಟೇ ಅಲ್ಲದೆ ಉಳಿದದ್ದೂ, ಬೆಳೆದದ್ದೂ ಕಾಣುತ್ತದೆ.

ಇಂಥ ಕೃತಿ ತಾನಾಗಿ ಬರಲಾರದು. ಅದಕ್ಕೆ ಹಲವು ವರ್ಷಗಳ ದುಡಿಮೆ ಬೇಕು, ಆ ದುಡಿಮೆಗೆ ಆಸರೆ ಬೇಕು. ತುಮಕೂರು ವಿಶ್ವವಿದ್ಯಾನಿಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಕರ್ನಾಟಕ ಸಾಹಿತ್ಯ ಅಕಾಡೆಮಿಗಳು ಈ ನಾಲ್ಕು ತಾಲ್ಲೂಕುಗಳ ಕೇರಿಗಳಲ್ಲಿ ಹಿರಿಯರ ಕುಟುಂಬ ಕಥನಗಳನ್ನು ದನಿಮುದ್ರಿಸಿ, ತಲೆಮಾರಿನ ಕ್ರಮದಲ್ಲಿ ಜೋಡಿಸಿಡಬೇಕು. ಇತ್ಯರ್ಥವಾದ ಹಳೆಯ ಜಮೀನು ಪ್ರಕರಣಗಳ ಕಡತಗಳನ್ನು ಕಂದಾಯ ಇಲಾಖೆ ನಾಶಕ್ಕೆ ಬಿಡದೆ, ಖಾಸಗಿ ವಿವರಗಳಿಗೆ ಧಕ್ಕೆ ಬಾರದ ಹಾಗೆ ಸಂಶೋಧಕರಿಗೆ, ಲೇಖಕರಿಗೆ ತೆರೆದಿಡಬೇಕು. ಈ ಸೀಮೆಯ ದಲಿತ ಯುವ ಲೇಖಕರಿಗೆ ಬಿಡಿ ಕಥೆ, ಕವನಗಳಿಗಲ್ಲದೆ ಮೂರು ನಾಲ್ಕು ವರ್ಷ ಹಿಡಿಯುವ ಕಾದಂಬರಿಗೂ ಫೆಲೋಶಿಪ್ ಸಿಗಬೇಕು. ಬೇರೆ ಜಾತಿಯ ಲೇಖಕರು ಬರೆಯಬಾರದೆಂದಲ್ಲ. ತಮ್ಮ ಮನೆಯ ಕಡತದಲ್ಲಿ ಆ ಹೆಬ್ಬೆಟ್ಟಿನ ಕ್ರಯಪತ್ರ ಹೇಗೆ ಬಂತು ಎಂದು ಬರೆಯುವ ಹೊಣೆ ಅವರ ಮೇಲೂ ಇದೆ, ಏಕೆಂದರೆ ಒಂದೇ ಸರ್ವೆ ನಂಬರಿನಲ್ಲಿ ಎರಡು ಮನೆತನಗಳ ಚರಿತ್ರೆ ಹೆಣೆದುಕೊಂಡಿದೆ. ಆ ಎರಡೂ ಮನೆತನಗಳನ್ನು ಸಮನಾಗಿ, ಆರಂಭದಿಂದ ಇಂದಿನವರೆಗೆ ಹೇಳಬಲ್ಲ ಕಾದಂಬರಿ ಬಂದ ದಿನ ಈ ಸೀಮೆಗೆ ತನ್ನ ಪೂರ್ತಿ ಇತಿಹಾಸ ಸಿಕ್ಕೀತು. ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಜಮೀನಿದ್ದವರ ವಂಶಾವಳಿ ಮಾತ್ರ.